ಲಾರಿ ಕಾರ್ಖಾನೆಯ ಬಡಗಿ

ಯುದ್ಧ ನಡೆಯುತ್ತಿದ್ದಷ್ಟು ಕಾಲ ನನ್ನ ಸೋದರಮಾವ ಮದ್ದುಗುಂಡು ತುಂಬುವ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ನಡೆಯುವಾಗ ಅವನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಹಾಗಾಗಿ ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಅವನೇನೂ ಬೇಜಾರು ಮಾಡಿಕೊಂಡವನಲ್ಲ. ದೇಶಕ್ಕೆ ನನ್ನ ಕಾಲು ಬೇಡವಂತೆ, ಕೈ ಸಾಕಂತೆ ಎಂದು ಹೇಳಿಕೊಂಡು ಓಡಾಡುತ್ತಿದ್ದ.

ಯುದ್ಧ ಮುಗಿಯಿತು, ಪೆಟ್ಟಿಗೆಗಳನ್ನು ಕೇಳುವವರು ಇಲ್ಲವಾದರು. ಊರಿನ ಅಂಚಿನಲ್ಲಿ ಟ್ಯಾಂಕುಗಳನ್ನು ರಿಪೇರಿ ಮಾಡುತ್ತಿದ್ದ ದೊಡ್ಡ ಕಾರ್ಖಾನೆಯೂ ಕೆಲವು ತಿಂಗಳು ಬಾಗಿಲು ಹಾಕಿಕೊಂಡು ಕೂತಿತು. ಆಮೇಲೆ ಗೇಟಿನ ಮೇಲೆ ಹೊಸ ಬೋರ್ಡು ಬಂತು. ಇನ್ನು ಮುಂದೆ ಅಲ್ಲಿ ಭಾರಿ ಲಾರಿಗಳು ತಯಾರಾಗುತ್ತವೆ, ಫಿಟ್ಟರುಗಳು ಬೇಕು, ವೆಲ್ಡರುಗಳು ಬೇಕು, ಬಡಗಿಗಳೂ ಬೇಕು. ಮುರಿದುಬಿದ್ದ ಸೇತುವೆಗಳನ್ನು ಕಟ್ಟಬೇಕಿತ್ತು, ಗಣಿಗಳಿಂದ ಕಲ್ಲಿದ್ದಲು ಬರಬೇಕಿತ್ತು, ಅಣೆಕಟ್ಟುಗಳು ಏಳಬೇಕಿದ್ದವು. ಎಲ್ಲದಕ್ಕೂ ಮೊದಲು ಲಾರಿ ಬೇಕು.

ಬಡಗಿ ಎಂಬ ಮಾತು ಮಾತ್ರ ನನ್ನ ಅಜ್ಜಿಗೆ ಅರ್ಥವಾಗಲಿಲ್ಲ.

"ಲಾರಿಗೆ ಬಡಗಿ ಯಾಕೋ? ಮಂಚ ಮಾಡೋನು ಲಾರಿ ಮಾಡ್ತೀಯಾ?"

"ಮಂಚಕ್ಕೂ ನಾಲ್ಕು ಕಾಲು, ಲಾರಿಗೂ ನಾಲ್ಕು ಚಕ್ರ ಕಣಮ್ಮ," ಎಂದ ಮಾವ. "ಮಂಚದ ಮೇಲೆ ಮಲಗ್ತಾರೆ, ಲಾರೀಲಿ ಮಲಗಬಾರದು. ಅಷ್ಟೇ ವ್ಯತ್ಯಾಸ."

ನಿಜ ಸಂಗತಿ ಏನೆಂದರೆ ಆಗ ಉಕ್ಕಿಗೆ ಬರ. ಇದ್ದ ಉಕ್ಕೆಲ್ಲ ಎಂಜಿನ್ನಿಗೆ, ಚಕ್ರಗಳ ಅಚ್ಚಿಗೆ, ಲಾರಿಯ ಬೆನ್ನೆಲುಬಾದ ಚಾಸಿಗೆ ಹೋಗುತ್ತಿತ್ತು. ಡ್ರೈವರು ಕೂರುವ ಕ್ಯಾಬಿನ್ನಿಗೆ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಕ್ಯಾಬಿನ್ನಿನ ಕಂಬ, ಅಡ್ಡಪಟ್ಟಿ, ಬಾಗಿಲಿನ ಚೌಕಟ್ಟು ಎಲ್ಲವನ್ನೂ ಗಟ್ಟಿ ಮರದಲ್ಲಿ ಮಾಡಿ, ಮೇಲೆ ತೆಳು ತಗಡು ಹೊಡೆದು ಬಣ್ಣ ಬಳಿಯುತ್ತಿದ್ದರು. ದೂರದಿಂದ ನೋಡಿದರೆ ಕಬ್ಬಿಣದ ಆನೆ, ಬೆರಳಿನಿಂದ ತಟ್ಟಿದರೆ ಮರದ ಬೀರು.

ಬಡಗಿಗಳ ಶೆಡ್ಡು ಕಾರ್ಖಾನೆಯ ಹಿಂಬದಿಯಲ್ಲಿತ್ತು. ಮುಂದಿನ ಶೆಡ್ಡುಗಳಲ್ಲಿ ಸುತ್ತಿಗೆಯ ಸದ್ದಿಗೆ ಕಿವಿ ಗಡಚಿಕ್ಕುತ್ತಿದ್ದರೆ ಇಲ್ಲಿ ಗರಗಸದ ಸದ್ದು, ಅಂಟು ಕಾಯಿಸುವ ವಾಸನೆ, ಮೊಣಕಾಲುದ್ದ ಮರದ ಹೊಟ್ಟು. ಮಧ್ಯಾಹ್ನದ ಬಿಡುವಿನಲ್ಲಿ ವೆಲ್ಡರುಗಳು ಬಂದು ಆ ಹೊಟ್ಟಿನ ಮೇಲೆ ಬಿದ್ದುಕೊಳ್ಳುತ್ತಿದ್ದರು. ಮಾವ ಅಲ್ಲಿ ಬಾಗಿಲುಗಳನ್ನು ಮಾಡುತ್ತಿದ್ದ. ಬಾಗಿಲು ಅಂದರೆ ಕ್ಯಾಬಿನ್ನಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ನನ್ನ ಬಾಗಿಲು ಹಾಕಿದರೆ ಒಳಗಿನ ನೊಣ ಹೊರಗೆ ಬರಲ್ಲ ಎಂದು ಮಾವ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ವಿನಯ ಎಂಬುದು ಅವನ ಹತ್ತಿರ ಸುಳಿದದ್ದೇ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಬಟ್ಟೆಗೆಲ್ಲ ಧೂಳು ಮೆತ್ತಿಕೊಂಡ ಹೆಂಗಸೊಬ್ಬಳು ಶೆಡ್ಡಿನೊಳಗೆ ಬಂದಳು. ತಲೆಯ ಮೇಲೆ ಲಾರಿಯ ಬಾಗಿಲು ಹೊತ್ತಿದ್ದಳು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸಾಮಾನು ಸಾಗಿಸುವ ಲಾರಿ ಓಡಿಸಿದವಳು, ಈಗ ಕಾರ್ಖಾನೆಯ ಟೆಸ್ಟ್ ಡ್ರೈವರು. ಹೊಸ ಲಾರಿಗೆ ಕಲ್ಲು ತುಂಬಿಕೊಂಡು ಗುಡ್ಡದ ಕಚ್ಚಾ ರಸ್ತೆಯಲ್ಲಿ ಹತ್ತಿಸಿ ಇಳಿಸಿ, ಏನು ಮುರಿಯುತ್ತದೆ ಎಂದು ನೋಡುವುದೇ ಅವಳ ಕೆಲಸ. ಬಾಗಿಲನ್ನು ಮಾವನ ಮುಂದಿದ್ದ ಮೇಜಿನ ಮೇಲೆ ಇಳಿಸಿದಳು.

"ಇದು ನಿಮ್ಮದಾ?"

"ನಂದೇ. ಎಲ್ಲಿ ಸಿಕ್ತು?"

"ಗುಡ್ಡದ ಎರಡನೇ ತಿರುವಲ್ಲಿ. ಅದು ಇಳ್ಕೊಂಡ್ತು, ನಾನು ಇಳೀಲಿಲ್ಲ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಮಾವನಿಗೆ ರೇಗಿತು. ಬಾಗಿಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮರಕ್ಕೆ ಮರ ಕೂಡಿಸಿದ ಕಚ್ಚುಗಳೆಲ್ಲ ಸರಿಯಾಗಿಯೇ ಇದ್ದವು, ಕೀಲು ಮಾತ್ರ ಮರವನ್ನು ಸೀಳಿಕೊಂಡು ಕಿತ್ತುಬಂದಿತ್ತು.

"ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ," ಎಂದು ಗೊಣಗಿದ.

"ನೆಲ ಡೊಂಕಾಗೇ ಇದೆ. ಬಂದು ನೋಡಿ," ಎಂದಳು ಅವಳು.

ಹೋಗಿಯೇ ಬಿಟ್ಟ. ಆವತ್ತು ಮಧ್ಯಾಹ್ನ ಅವಳ ಪಕ್ಕದ ಸೀಟಿನಲ್ಲಿ ಕೂತು ಗುಡ್ಡ ಹತ್ತಿದ ಮಾವ ವಾಪಸು ಬರುವಾಗ ಒಂದು ಮಾತೂ ಆಡಲಿಲ್ಲವಂತೆ. ಅವನ ಆಯುಷ್ಯದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅವನು ಕಂಡದ್ದು ಇಷ್ಟು. ಒಂದು ಮುಂಚಕ್ರ ಬಂಡೆಯ ಮೇಲೆ ಏರಿದಾಗ ಇನ್ನೊಂದು ಗುಂಡಿಯಲ್ಲಿರುತ್ತದೆ, ಆಗ ಲಾರಿಯ ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದರ ಮೇಲೆ ನಾಲ್ಕೂ ಮೂಲೆಯಲ್ಲಿ ಬಿಗಿಯಾಗಿ ಕೂರಿಸಿದ ಕ್ಯಾಬಿನ್ನೂ ತಿರುಚಲೇಬೇಕು. ಮನೆಗೆ ಬಾಗಿಲು ಮಾಡುವವನಿಗೆ ಮನೆ ಅಲುಗುವುದಿಲ್ಲ ಎಂಬ ಭರವಸೆ ಇರುತ್ತದೆ. ಇಲ್ಲಿ ಮನೆಯೇ ಕುಣಿಯುತ್ತಿತ್ತು.

ಈ ವಿಷಯವನ್ನು ಇಬ್ಬರೂ ಕೂಡಿ ಎಂಜಿನಿಯರ್ ಹತ್ತಿರ ತೆಗೆದುಕೊಂಡು ಹೋದರು. ಬಿಸಿಲಿರಲಿ ನೆರಳಿರಲಿ ತಲೆಯಿಂದ ಉಣ್ಣೆಯ ಟೋಪಿ ತೆಗೆಯದ ಮನುಷ್ಯ ಅವರು. ಊರಿಗೆಲ್ಲ ಟೋಪಿ ಹಾಕುವ ಎಂಜಿನಿಯರುಗಳಿದ್ದಾರೆ, ತಮಗೆ ತಾವೇ ಹಾಕಿಕೊಂಡವರು ಇವರೊಬ್ಬರೇ ಎಂದು ಕಾರ್ಖಾನೆಯಲ್ಲಿ ನಗೆಮಾತು. ಟೋಪಿ ಎಂಜಿನಿಯರ್ ಪೂರ್ತಿ ಕೇಳಿಸಿಕೊಂಡು, ಪಕ್ಕದಲ್ಲಿದ್ದ ಮೂರು ಕಾಲಿನ ಸ್ಟೂಲನ್ನು ಎಳೆದು ಮುಂದಿಟ್ಟರು. ನಾಲ್ಕು ಕಾಲಿನ ಕುರ್ಚಿ ಡೊಂಕು ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ ಎಂದರು. ಕ್ಯಾಬಿನ್ನನ್ನೂ ಮೂರೇ ಕಡೆ ಕೂರಿಸಿ, ನಡುವೆ ದಪ್ಪ ರಬ್ಬರು ಇಟ್ಟರೆ ಚಾಸಿ ಎಷ್ಟು ತಿರುಚಿದರೂ ಮೇಲಿನದಕ್ಕೆ ತಟ್ಟದು. ಮಾವ ಆ ವಾರವೇ ತಳದ ಚೌಕಟ್ಟನ್ನು ಹೊಸದಾಗಿ ಮಾಡಿಕೊಟ್ಟ. ಅದನ್ನು ಅವಳು ಗುಡ್ಡಕ್ಕೆ ಒಯ್ದಳು. ಬಾಗಿಲು ನಿಂತಿತು.

ಆಮೇಲೆ ಬೇರೆ ಬೇರೆ ನೆಪಗಳು ಹುಟ್ಟಿಕೊಂಡವು. ಕಿಟಕಿ ಗಾಜು ಅಲುಗುತ್ತದೆ ಎಂದು ಅವಳು ಶೆಡ್ಡಿಗೆ ಬರುವುದು, ಎಲ್ಲಿ ಅಲುಗುತ್ತದೆ ನೋಡೋಣ ಎಂದು ಇವನು ಗುಡ್ಡಕ್ಕೆ ಹೋಗುವುದು. ವರ್ಷ ತಿರುಗುವುದರೊಳಗೆ ಅವಳು ನನಗೆ ಅತ್ತೆಯಾದಳು. ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೆ ಒತ್ತಿಕೊಂಡೇ ಅವರ ಮನೆ. ಒಂದು ಅಡುಗೆಮನೆ, ಒಂದು ಕೋಣೆ. ಮಂಚ, ಮೇಜು, ಕಪಾಟು ಎಲ್ಲ ಮಾವನ ಕೈಯವು. ಅತ್ತೆ ಬೆಳಿಗ್ಗೆ ದೊಡ್ಡ ಬೂಟು ಹಾಕಿಕೊಂಡು ಹೊರಡುವಾಗ ನಡುಗೋಡೆಯ ಈಚೆ ನಮ್ಮ ತಟ್ಟೆಗಳು ನಡುಗುತ್ತಿದ್ದವು.

ಕೆಲವು ವರ್ಷಗಳಾದ ಮೇಲೆ ಪ್ರೆಸ್ಸು ಬಂತು.

ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಯಂತ್ರ. ಒಂದು ಕಡೆಯಿಂದ ಉಕ್ಕಿನ ಹಾಳೆ ಒಳಗೆ ಕೊಟ್ಟರೆ ಒಂದೇ ಗುದ್ದಿಗೆ ಇನ್ನೊಂದು ಕಡೆಯಿಂದ ಬಾಗಿಲು ಬರುತ್ತಿತ್ತು. ಅದು ಗುದ್ದಿದಾಗ ಬಡಗಿಗಳ ಶೆಡ್ಡಿನಲ್ಲಿ ಉಳಿಗಳು ಮೇಜಿನ ಮೇಲೆ ತಾವೇ ಕುಣಿಯುತ್ತಿದ್ದವು. ಮಾವ ಹೋಗಿ ಆ ಬಾಗಿಲನ್ನು ಎತ್ತಿ ನೋಡಿದ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಚೆನ್ನಾಗಿದೆ ಎಂದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಇನ್ನು ನಮ್ಮ ಗತಿ ಏನು ಎಂದು ಉಳಿದ ಬಡಗಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಕೆಲವರು ಬೇರೆ ಊರಿಗೆ ಹೋದರು. ಉಳಿದವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿ ಬಿಡಿಭಾಗಗಳನ್ನು ತುಂಬಲು ಪೆಟ್ಟಿಗೆ ಮಾಡುವ ಕೆಲಸ.

ಮಾವನೂ ಪೆಟ್ಟಿಗೆ ಮಾಡಿದ. ಆ ದಿನಗಳಲ್ಲಿ ಅವನ ಮಾತು ಸ್ವಲ್ಪ ಕಡಿಮೆಯಾಗಿತ್ತು. ಮನೆಗೆ ಬಂದು ಸುಮ್ಮನೆ ಕಿಟಕಿಯ ಹತ್ತಿರ ಕೂರುತ್ತಿದ್ದ. ಅತ್ತೆ ಸಮಾಧಾನದ ಮಾತು ಆಡುವವಳಲ್ಲ. ಮರ ಹೋಯ್ತು ಅಂದ್ರೆ ಕೈ ಹೋಯ್ತಾ ಎಂದು ಕೇಳಿ, ಅವನ ಮುಂದೆ ಚಹಾ ಇಟ್ಟು, ಮುರಿದ ಸ್ಟೂಲನ್ನೂ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಆ ಚಳಿಗಾಲದಲ್ಲಿ ನಮ್ಮ ಕ್ವಾರ್ಟರ್ಸಿನ ಮುರಿದ ಸ್ಟೂಲು, ಸಡಿಲ ಕಿಟಕಿ, ಕುಂಟುವ ಮೇಜು ಎಲ್ಲ ರಿಪೇರಿಯಾದವು. ಯಾವುದನ್ನೂ ಅವನು ಕೇಳಿ ತಂದಿರಲಿಲ್ಲ. ಎಲ್ಲವನ್ನೂ ಅತ್ತೆಯೇ ಮನೆಮನೆಯಿಂದ ಹೊತ್ತು ತಂದಿದ್ದಳು.

ಅವನನ್ನು ಪೆಟ್ಟಿಗೆಗಳಿಂದ ಬಿಡಿಸಿದ್ದು ಟೋಪಿ ಎಂಜಿನಿಯರ್. ಆಗ ಕಾರ್ಖಾನೆಯಲ್ಲಿ ಹೊಸದಾಗಿ ವಿಶೇಷ ವಾಹನಗಳ ವಿಭಾಗ ಶುರುವಾಗಿತ್ತು. ಸಾಮಾನ್ಯ ಲಾರಿಗಳು ಪ್ರೆಸ್ಸಿನಿಂದ ಸಾಲುಸಾಲಾಗಿ ಹೊರಬೀಳುತ್ತಿದ್ದವು, ನಿಜ. ಆದರೆ ಅವು ಹೊರಲಾರದ ಸಾಮಾನುಗಳಿದ್ದವು. ಅಣೆಕಟ್ಟಿಗೆ ಹೋಗಬೇಕಾದ, ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು ಇತ್ತು. ಬಾವಿ ಕೊರೆಯುವ ಗೋಪುರ, ಬೆನ್ನ ಮೇಲೆ ಹೊತ್ತು ಓಡಾಡಬೇಕಾದ ಕ್ರೇನು, ವಿಮಾನ ನಿಲ್ದಾಣದ ಬೆಂಕಿ ಆರಿಸುವ ಗಾಡಿ ಇದ್ದವು. ಇವುಗಳಿಗೆ ಎಂಟು ಚಕ್ರ, ಎಂಟಕ್ಕೂ ಎಂಜಿನ್ನಿನ ಬಲ, ಟ್ಯಾಂಕಿಗೆ ಹಾಕುವಂಥ ಎಂಜಿನ್ನು ಬೇಕು. ಒಂದೊಂದು ನಮೂನೆಯವು ಬೆರಳೆಣಿಕೆಯಷ್ಟೇ ತಯಾರಾಗುತ್ತಿದ್ದವು. ಅಷ್ಟಕ್ಕೆ ಪ್ರೆಸ್ಸಿನ ಅಚ್ಚು ಮಾಡಿಸಿದರೆ ಆನೆ ಕೊಟ್ಟು ಕುರಿ ತಂದ ಹಾಗೆ. ಆದ್ದರಿಂದ ಉಕ್ಕು ಕತ್ತರಿಸುವ ಮೊದಲು ಪೂರ್ತಿ ಲಾರಿಯನ್ನು ಮರದಲ್ಲಿ, ನಿಜವಾದ ಅಳತೆಯಲ್ಲಿಯೇ ಮಾಡಿ ನೋಡಬೇಕು ಎಂದು ಎಂಜಿನಿಯರ್ ತೀರ್ಮಾನಿಸಿದ್ದರು. ಕಾಗದದ ಮೇಲೆ ಎಲ್ಲರ ಮೊಣಕಾಲೂ ಹಿಡಿಸುತ್ತದೆ, ಕೂತು ನೋಡಿದಾಗಲೇ ಗೊತ್ತಾಗುವುದು ಎಂದು ಅವರ ವಾದ.

ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ನಿಂತು ಮಾವನನ್ನು ಕೇಳಿದರು:

"ಒಂದು ಲಾರಿ ಮಾಡಿಕೊಡ್ತೀರಾ? ಪೂರ್ತಿ ಮರದ್ದು. ಓಡೋದು ಬೇಡ."

"ಓಡೋದು ಬೇಡ ಅಂದ್ರೆ ಬಾಗಿಲು ಬೀಳೋ ಭಯ ಇಲ್ಲ," ಎಂದ ಮಾವ. ಏಪ್ರನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿ ಅವರ ಹಿಂದೆ ಹೊರಟ.

ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಎಳೆಯುವ ಕಾಲೂ ಸ್ವಲ್ಪ ಬೇಗ ಬೇಗ ಎಳೆಯತೊಡಗಿತು. ಎತ್ತರದ ಕಿಟಕಿಗಳಿದ್ದ ದೊಡ್ಡ ಕೋಣೆಯೊಂದರಲ್ಲಿ ಅವನು, ಇನ್ನೊಬ್ಬ ಮುದಿ ಬಡಗಿ ಕೂಡಿ ಆ ಮರದ ಲಾರಿಯನ್ನು ಎಬ್ಬಿಸಿದರು. ಟ್ರಾನ್ಸ್‌ಫಾರ್ಮರು ಎಳೆಯುವ ದೈತ್ಯ. ಹಲಗೆ ಜೋಡಿಸಿ ಕಡೆದ ಚಕ್ರಗಳು ಒಬ್ಬ ಆಳಿನ ಎದೆಯವರೆಗೆ ಬರುತ್ತಿದ್ದವು. ನಡುವೆ, ಮೇಲೆ ಹತ್ತಿ ಅಡ್ಡಾಡುವಷ್ಟು ದೊಡ್ಡ ಎಂಜಿನ್ನು, ಅದೂ ಮರದ್ದೇ. ಎಂಜಿನ್ನಿನ ಎರಡೂ ಬದಿಗೆ ಎರಡು ಪುಟ್ಟ ಕ್ಯಾಬಿನ್ನುಗಳು. ಬಲಗಡೆ ಡ್ರೈವರು, ಎಡಗಡೆ ಜೊತೆಗಾರ. ಸ್ಟಿಯರಿಂಗ್ ಚಕ್ರ, ಗೇರಿನ ಕೋಲು, ಪೆಡಲು, ವೇಗ ತೋರಿಸುವ ಗಡಿಯಾರದಂಥ ಮುಖಗಳು ಸಹ ಮರದಲ್ಲಿ. ಒಂದು ಭಾನುವಾರ ನನ್ನನ್ನೂ ಅಮ್ಮನನ್ನೂ ಕರೆದುಕೊಂಡು ಹೋಗಿ ತೋರಿಸಿದ. ನಾನು ಕತ್ತೆತ್ತಿ ನೋಡಿದೆ. ನುಣುಪಾಗಿ ಕೀಸಿದ ಮರ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಇಷ್ಟು ದೊಡ್ಡ ಆಟಿಕೆ ಯಾರಿಗೆ ಎಂದು ಕೇಳಿದೆನಂತೆ. ನಿಮ್ಮ ಅತ್ತೆಗೆ ಎಂದನಂತೆ.

ದೊಡ್ಡ ಕಚೇರಿಯಿಂದ ಸಮಿತಿಯೊಂದು ಬಂದು ಆ ಮರದ ಲಾರಿಯನ್ನು ನೋಡಿ ಒಪ್ಪಬೇಕಿತ್ತು. ಒಪ್ಪಿದರೆ ಉಕ್ಕು ಮಂಜೂರು. ಸಮಿತಿ ಬರುವುದಕ್ಕೆ ಎರಡು ದಿನ ಮುಂಚೆ ಎಂಜಿನಿಯರ್ ಅತ್ತೆಯನ್ನು ಕರೆಸಿದರು. ಆ ಹೊತ್ತಿಗೆ ಅವಳು ಟೆಸ್ಟ್ ಡ್ರೈವರುಗಳಿಗೆಲ್ಲ ಹಿರಿಯಳು, ನಿಜವಾದ ಲಾರಿಯನ್ನು ಓಡಿಸಬೇಕಾದವಳೂ ಅವಳೇ. ಮಾವ ಮದುಮಗನ ಹಾಗೆ ಪಕ್ಕದಲ್ಲಿ ನಿಂತಿದ್ದ.

ಅತ್ತೆ ಹತ್ತಿ ಕೂತಳು. ಸ್ಟಿಯರಿಂಗ್ ಹಿಡಿದಳು, ಪೆಡಲು ಒತ್ತಿದಳು, ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದಳು. ಮತ್ತೆ ಕೂತು ಮತ್ತೆ ಬಗ್ಗಿದಳು. ಇಳಿದು ಬಂದು ಹೇಳಿದಳು:

"ಇದನ್ನ ನಾನು ಓಡಿಸಲ್ಲ."

ಕಾರಣ ಕೇಳಿದರು. ಅವಳು ತನ್ನ ಡ್ರೈವರ್ ಟೋಪಿಯನ್ನು ತೆಗೆದು ಮುಂಚಕ್ರದ ಪಕ್ಕ ನೆಲದ ಮೇಲಿಟ್ಟು, ಎಂಜಿನಿಯರನ್ನು ಹತ್ತಿಸಿ, ಟೋಪಿ ಕಾಣುತ್ತಾ ಎಂದಳು. ಕಾಣಲಿಲ್ಲ. ಕ್ಯಾಬಿನ್ನು ಚಕ್ರದ ಹಿಂದೆ, ಎತ್ತರದಲ್ಲಿತ್ತು. ಚಕ್ರದ ಮೇಲಿನ ಅಗಲವಾದ ಮಡ್‌ಗಾರ್ಡು ರಸ್ತೆಯ ಅಂಚನ್ನು ಪೂರ್ತಿ ಮುಚ್ಚುತ್ತಿತ್ತು. ಬಯಲಿನಲ್ಲಿ ಇದು ನಡೆದೀತು. ಅಣೆಕಟ್ಟಿನ ದಾರಿ ಇರುವುದು ಗುಡ್ಡದಲ್ಲಿ, ಈ ಲಾರಿ ಇಡೀ ರಸ್ತೆ ತುಂಬುತ್ತದೆ, ಅಂಚಿನ ಆಚೆ ಕಣಿವೆ. ಕಣ್ಣು ಕಟ್ಟಿಕೊಂಡು ಹೋಗಲಾರೆ ಎಂದಳು.

ಎಂಜಿನಿಯರ್ ಬಹಳ ಹೊತ್ತು ಟೋಪಿ ಸರಿಪಡಿಸಿಕೊಳ್ಳುತ್ತ ನಿಂತರು. ಅವಳ ಮಾತು ಸರಿ, ಆದರೆ ನಾಡಿದ್ದು ಸಮಿತಿ ಬರುತ್ತದೆ ಎಂದರು. ಮಾವ ತನ್ನ ಮಾತನ್ನು ಮನೆಗೆ ಬಂದ ಮೇಲೆ ಆಡಿದ. ಗೋಡೆಯ ಈಚೆಗೆ ನಮಗೆಲ್ಲ ಕೇಳಿಸಿತು.

"ಎಲ್ಲರ ಮುಂದೆ ಹೇಳಬೇಕಿತ್ತಾ? ಮನೇಲಿ ಹೇಳಿದ್ರೆ ಆಗ್ತಿರಲಿಲ್ವಾ?"

"ನೀವು ಮನೇಲಿ ತೋರಿಸಿದ್ರೆ ಮನೇಲೇ ಹೇಳ್ತಿದ್ದೆ."

"ನನ್ನ ಜನ್ಮದಲ್ಲಿ ಇಷ್ಟು ಒಳ್ಳೆ ಕೆಲಸ ಮಾಡಿರಲಿಲ್ಲ ಕಣೆ."

"ಗೊತ್ತು ರೀ. ನೋಡ್ತಾ ಇದ್ರೆ ಕಣ್ಣು ತುಂಬುತ್ತೆ. ಆದ್ರೆ ನಂಗೆ ಕಣ್ಣು ತುಂಬಿದ್ರೆ ಸಾಲದು, ಕಾಣಬೇಕು."

ನಂತರ ಮಾವ ನಗುವುದು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಅಮ್ಮ ಇನ್ನು ಪರವಾಗಿಲ್ಲ ಎಂದು ಒಲೆಯ ಕಡೆಗೆ ತಿರುಗಿದಳು.

ಬೆಳಿಗ್ಗೆ ಮಾವ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದ. ಎಂಜಿನಿಯರ್ ಬರುವ ಹೊತ್ತಿಗೆ ದೊಡ್ಡ ಗರಗಸ ಮಸೆದು ಸಿದ್ಧವಾಗಿತ್ತು. ಉಕ್ಕಿನ ಲಾರಿಯನ್ನು ಬದಲಾಯಿಸಲು ವರ್ಷ ಬೇಕು, ಮರಕ್ಕೆ ಒಂದು ದಿನ ಸಾಕು, ಮರದಲ್ಲಿ ಮಾಡಿದ್ದು ಇದಕ್ಕೇ ಅಲ್ಲವೇ ಎಂದ. ಎರಡೂ ಕಡೆ ಕತ್ತರಿಸಲು ಸಮಯ ಸಾಲದು. ಆಗ ಎಂಜಿನಿಯರೇ ಒಂದು ಉಪಾಯ ಹೇಳಿದರು. ಬಲಗಡೆಯ ಕ್ಯಾಬಿನ್ನನ್ನು ಮಾತ್ರ ಕತ್ತರಿಸೋಣ, ಚಕ್ರದ ಮುಂದಕ್ಕೆ ತಂದು ಕೆಳಗಿಳಿಸೋಣ, ಬಾಗಿಲಿನ ಕೆಳಭಾಗಕ್ಕೂ ಒಂದು ಕಿಟಕಿ ಇಡೋಣ. ಎಡಗಡೆಯದು ಹಾಗೇ ಇರಲಿ. ಬಂದವರು ಎರಡರಲ್ಲೂ ಕೂತು ನೋಡಲಿ.

ಮುದಿ ಬಡಗಿಗೆ ಕತ್ತರಿಸಲು ಕೈ ಬರಲಿಲ್ಲ. ಮೊದಲ ಗರಗಸ ಎಳೆದವನು ಮಾವನೇ. ಜೇನಿನ ಬಣ್ಣದ ಕಂಬದ ಮೇಲೆ ಗರಗಸದ ಹಲ್ಲು ಇಟ್ಟು ಒಂದು ಕ್ಷಣ ನಿಂತನಂತೆ, ಆಮೇಲೆ ಎಳೆದನಂತೆ. ಕತ್ತಲಾಗುವುದರೊಳಗೆ ಹೊಸ ಕ್ಯಾಬಿನ್ನು ಕೂತಿತ್ತು. ಹೊಸ ಮರಕ್ಕೆ ಬಣ್ಣವಿಲ್ಲ, ಹೊಳಪಿಲ್ಲ, ಮೊಳೆಯ ತಲೆಗಳು ಕಾಣುತ್ತಿದ್ದವು. ಒಟ್ಟಿನಲ್ಲಿ ಒಂದು ಕಣ್ಣು ಮುಂದೆ, ಒಂದು ಕಣ್ಣು ಹಿಂದೆ ಇದ್ದ ಪ್ರಾಣಿಯ ಹಾಗೆ ಕಂಡಿತು ಆ ಲಾರಿ.

ಸಮಿತಿಯ ಮುಖ್ಯಸ್ಥರು ದಪ್ಪ ಮೀಸೆಯ, ಭಾರಿ ದೇಹದ ಮನುಷ್ಯ. ಒಳಗೆ ಬಂದವರೇ ಹುಬ್ಬೇರಿಸಿದರು. ಇದೇನು, ಅರ್ಧ ಕೆಲಸ ಮಾಡಿ ನಮ್ಮನ್ನು ಕರೆಸಿದ್ದೀರಾ ಎಂದರು. ಎಂಜಿನಿಯರ್ ವಾದಕ್ಕೆ ಹೋಗಲಿಲ್ಲ. ಮೊದಲು ಎಡಗಡೆ ಕೂತು ನೋಡಿ ಎಂದರು. ಮುಖ್ಯಸ್ಥರು ಏದುಸಿರು ಬಿಡುತ್ತ ಹತ್ತಿ ಕೂತರು. ಅತ್ತೆ ಚಕ್ರದ ಪಕ್ಕಕ್ಕೆ ಹೋಗಿ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತಳು.

"ಡ್ರೈವರಮ್ಮ ಎಲ್ಲಿ ಹೋದ್ರು?" ಎಂದು ಮುಖ್ಯಸ್ಥರ ದನಿ ಮೇಲಿನಿಂದ ಕೇಳಿತು.

"ಇಲ್ಲೇ ಇದೀನಿ ಸರ್. ನೀವು ಇನ್ನೊಂದು ಸ್ವಲ್ಪ ಈ ಕಡೆ ತಿರುಗಿಸಿದ್ರೆ ನಿಮ್ಮ ಚಕ್ರದ ಕೆಳಗಿರ್ತೀನಿ."

ಮುಖ್ಯಸ್ಥರು ಇಳಿದು, ಸುತ್ತಿ ಬಂದು, ಬಲಗಡೆಯ ಹಸಿ ಮರದ ಕ್ಯಾಬಿನ್ನಿಗೆ ಹತ್ತಿದರು. ಅತ್ತೆ ಈ ಕಡೆಯ ಚಕ್ರದ ಹತ್ತಿರ ಅದೇ ರೀತಿ ಕೂತಳು. ಬಾಗಿಲಿನ ಕೆಳಗಿನ ಕಿಟಕಿಯಲ್ಲಿ ಇಬ್ಬರ ಮುಖವೂ ಎದುರಾಬದುರಾದವು. ಮುಖ್ಯಸ್ಥರು ಗಟ್ಟಿಯಾಗಿ ನಕ್ಕರು. ತಾನೂ ಯುದ್ಧದಲ್ಲಿ ಗಾಡಿ ಓಡಿಸಿದವನೇ, ಇಂಥ ಕಿಟಕಿ ಆಗ ಇದ್ದಿದ್ದರೆ ಒಂದು ಜೀಪು ಉಳಿಯುತ್ತಿತ್ತು ಎಂದರು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಒಪ್ಪಿಗೆ ಸಿಕ್ಕಿತು. ಹೊರಡುವಾಗ ಅವರು ಕತ್ತರಿಸದೆ ಉಳಿದಿದ್ದ ಎಡಗಡೆಯ ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಮಾವ ನಾನೇ ಎಂದ. ಎಷ್ಟು ಜನರಿಗೆ ಕೇಳಿಸಬೇಕೋ ಅಷ್ಟು ಜನರಿಗೂ ಕೇಳಿಸುವ ಹಾಗೆ ಹೇಳಿದ.

ಮರುವರ್ಷ ಉಕ್ಕಿನ ಲಾರಿ ಹೊರಬಂತು. ಅದು ಗೇಟು ದಾಟುವ ದಿನ ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ರಸ್ತೆ ಬದಿಯಲ್ಲಿ ನಿಂತಿತ್ತು. ಎಂಟು ಚಕ್ರಗಳು ಒಂದೊಂದಾಗಿ ಗೇಟಿನ ಹಳಿಯ ಮೇಲೆ ಏರಿ ಇಳಿದಾಗ ಕಾಲ ಕೆಳಗಿನ ನೆಲ ನಡುಗಿತು. ಅದರ ಹಿಂದೆ ಸಾಲು ಚಕ್ರಗಳ ಟ್ರೇಲರು, ಅದರ ಮೇಲೆ ಬಟ್ಟೆ ಹೊದಿಸಿ ಕಟ್ಟಿದ ಟ್ರಾನ್ಸ್‌ಫಾರ್ಮರು. ಬಲಗಡೆಯ ಕ್ಯಾಬಿನ್ನಿನಲ್ಲಿ ಅತ್ತೆ, ಎಡಗಡೆಯದರಲ್ಲಿ ಮಾವ. ಮಾವನಿಗೆ ಅಲ್ಲೇನು ಕೆಲಸ ಎಂದರೆ, ಇಷ್ಟು ಭಾರ ದಾಟುವಾಗ ಸಣ್ಣ ಸೇತುವೆಗಳಿಗೆ ಕೆಳಗಿನಿಂದ ಮರದ ದಿಮ್ಮಿಗಳ ಆಸರೆ ಕೊಡಬೇಕು. ಅದಕ್ಕೆ ಒಂದು ಲಾರಿ ತುಂಬ ದಿಮ್ಮಿಗಳು, ಹತ್ತಾರು ಕೂಲಿಯಾಳುಗಳು ಮುಂದೆ ಹೋಗುತ್ತಿದ್ದರು. ಅವರ ಮೇಸ್ತ್ರಿ ಮಾವ.

ಪ್ರಯಾಣ ಬಸವನ ಹುಳುವಿನದು. ನಡೆಯುವ ಮನುಷ್ಯ ಅದನ್ನು ಹಿಂದೆ ಹಾಕಬಹುದಿತ್ತು, ಊರಿನ ಮಕ್ಕಳು ಹಾಕಿಯೂ ಹಾಕಿದರು. ಗಂಡ ಹೆಂಡತಿಯ ನಡುವೆ ಗುಡುಗುವ ಎಂಜಿನ್ನು ಇದ್ದದ್ದರಿಂದ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನಮ್ಮ ಸಂಸಾರದಲ್ಲಿ ಜಗಳವೇ ಆಗದ ದಿನಗಳೆಂದರೆ ಅವು ಎಂದು ಮಾವ ಆಮೇಲೆ ಹೇಳುತ್ತಿದ್ದ. ಸೇತುವೆ ಬಂದಾಗ ಅವನು ಇಳಿದು ಕೆಳಗೆ ಹೋಗಿ, ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಬೆಣೆ ಹೊಡೆಸಿ, ಕೈ ಎತ್ತುತ್ತಿದ್ದ. ಅವನ ಕೈ ನೋಡಿಕೊಂಡು ಅತ್ತೆ ದಾಟಿಸುತ್ತಿದ್ದಳು. ಲಾರಿ ಮೇಲೆ ಹೋಗುವಷ್ಟು ಹೊತ್ತೂ ಅವನು ಸೇತುವೆಯ ಪಕ್ಕದಲ್ಲೇ ನಿಲ್ಲುತ್ತಿದ್ದ. ತಾನು ಕಟ್ಟಿದ್ದರ ಹತ್ತಿರ ನಿಲ್ಲಲು ಹೆದರುವವನು ಕಟ್ಟಬಾರದು ಎಂದು ಅವನ ಲೆಕ್ಕ.

ಗಂಡಾಂತರ ಬಂದದ್ದು ಸೇತುವೆಯಲ್ಲಿ ಅಲ್ಲ, ಅಣೆಕಟ್ಟು ಕಣ್ಣಿಗೆ ಬೀಳುವಷ್ಟು ಹತ್ತಿರದ ಇಳಿಜಾರಿನಲ್ಲಿ. ಬೆಳಗಿನ ಬಿಸಿಲು. ಬಲಗಡೆ ಕಣಿವೆ. ಅತ್ತೆ ಕೆಳಗಿನ ಕಿಟಕಿಯಿಂದ ಅಂಚನ್ನು ನೋಡುತ್ತ ಅಂಗುಲ ಅಂಗುಲವಾಗಿ ಇಳಿಸುತ್ತಿದ್ದಳು. ರಸ್ತೆಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಅವಳು ನೋಡುತ್ತಿದ್ದಂತೆಯೇ ಆ ಬಿರುಕು ಬಾಯಿ ಬಿಟ್ಟಿತು, ಒಂದು ಹೆಂಟೆ ಮಣ್ಣು ಸದ್ದಿಲ್ಲದೆ ಕಣಿವೆಗೆ ಜಾರಿತು. ಅವಳು ಬ್ರೇಕನ್ನು ಒಮ್ಮೆಲೇ ತುಳಿಯಲಿಲ್ಲ. ತುಳಿದಿದ್ದರೆ ಹಿಂದಿನ ಭಾರ ಮುಂದಕ್ಕೆ ನೂಕುತ್ತಿತ್ತು. ಸಣ್ಣಗೆ ಒತ್ತುತ್ತ, ಸ್ಟಿಯರಿಂಗನ್ನು ಗುಡ್ಡದ ಕಡೆಗೆ ಎಳೆಯುತ್ತ ನಿಲ್ಲಿಸಿದಳು. ಮುಂಚಕ್ರದ ಕಾಲುಭಾಗ ಗಾಳಿಯಲ್ಲಿತ್ತು.

ಅತ್ತೆ ಇಳಿಯಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಹಾಗೇ ಕೂತಳು. ಮಾವ ಎಡಗಡೆಯಿಂದ ಇಳಿದು ಸುತ್ತಿ ಬಂದು, ನೆಲದ ಮೇಲೆ ಬೋರಲು ಮಲಗಿ ಅಂಚಿನ ಕೆಳಗೆ ಇಣುಕಿದ. ಬಾಗಿಲಿನ ಕಿಟಕಿಯಲ್ಲಿ ಅವನ ಮುಖ ಕಂಡಾಗ ಅತ್ತೆ ಕೇಳಿದಳು:

"ಹೇಗಿದೆ?"

"ಕೆಳಗೆ ಬಂಡೆ ಇದೆ. ಮೇಲಿನ ಮಣ್ಣು ಮಾತ್ರ ಸಡಿಲ. ಬಂಡೆ ಮೇಲಿಂದ ಕಟ್ಕೊಂಡು ಬರ್ತೀನಿ. ಕಾಲು ನೋಯ್ತಾ ಇದ್ಯಾ?"

"ನೋಯ್ತಿದೆ. ನೀವು ಅವಸರ ಮಾಡಬೇಡಿ."

ಅವನು ಅವಸರ ಮಾಡಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿನ ಕೆಳಗೆ ಇಳಿದು, ಬಂಡೆಯ ಮೇಲಿನಿಂದ ದಿಮ್ಮಿಗಳನ್ನು ಪೇರಿಸಿದ. ಕೆಳಗಿನ ಎರಡು ಸಾಲು ತಾನೇ ಕೂರಿಸಿದ, ಉಳಿದದ್ದು ಆಳುಗಳ ಕೈಯಲ್ಲಿ ಮಾಡಿಸಿದ. ಲಾರಿಯ ಎಲ್ಲ ಚಕ್ರಗಳಿಗೂ ಅಡ್ಡ ಕೊಟ್ಟ ಮೇಲೂ ಅತ್ತೆ ಕಾಲು ತೆಗೆಯಲಿಲ್ಲ. ಯಾರೋ ಕಿಟಕಿಯಿಂದ ನೀರು ಕೊಟ್ಟರು, ಕುಡಿದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದಿಮ್ಮಿಯ ಗೋಡೆ ಚಕ್ರಕ್ಕೆ ತಾಗಿತು. ಮಾವ ಕೊನೆಯ ಬೆಣೆ ಹೊಡೆದು, ಅದರ ಮೇಲೆ ತಾನೇ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿದ. ಆಮೇಲೆ ಮುಂದಕ್ಕೆ ಹೋಗಿ ಕೈ ಎತ್ತಿದ.

ಲಾರಿ ಅವನ ಮರದ ಮೇಲೆ ಒರಗಿತು. ದಿಮ್ಮಿಗಳು ಕಿರ್ರೆಂದವು, ಕುಸಿಯಲಿಲ್ಲ. ಎಂಟೂ ಚಕ್ರ, ಹಿಂದಿನ ಟ್ರೇಲರು, ಅದರ ಮೇಲಿನ ಭಾರ ಎಲ್ಲ ಒಂದೊಂದಾಗಿ ಆ ಜಾಗ ದಾಟಿ ಬಂಡೆಗಲ್ಲಿನ ಗಟ್ಟಿ ನೆಲಕ್ಕೆ ಬಂದವು. ಸಮತಟ್ಟಿನಲ್ಲಿ ನಿಲ್ಲಿಸಿ ಅತ್ತೆ ಇಳಿದಾಗ ಅವಳ ಬಲಗಾಲು ನಿಲ್ಲಲಿಲ್ಲ. ಮಾವನ ಹೆಗಲ ಮೇಲೆ ಕೈ ಹಾಕಿದಳು. ಇಬ್ಬರಿಗೂ ಸೇರಿ ಈಗ ಎರಡೇ ಸರಿಯಾದ ಕಾಲು, ಸಂಸಾರಕ್ಕೆ ಸಾಕು ಎಂದ ಮಾವ. ಆಳುಗಳೆಲ್ಲ ನಗುತ್ತಿರುವಾಗ ಅವಳು ಅತ್ತಳಂತೆ. ಅದನ್ನು ಅವಳು ನನಗೆ ಎಂದೂ ಹೇಳಲಿಲ್ಲ, ಮಾವ ಹೇಳಿದ.

ಆ ನಮೂನೆಯ ಲಾರಿಗಳು ಆಮೇಲೆ ಬಹಳ ಕಡೆ ಹೋದವು. ಅದೇ ಎಂಟು ಚಕ್ರದ ಮೇಲೆ ಕ್ರೇನು ಬಂತು, ಬಾವಿ ಕೊರೆಯುವ ಗೋಪುರ ಬಂತು, ಬೆಂಕಿ ಆರಿಸುವ ಗಾಡಿ ಬಂತು. ಪ್ರತಿಯೊಂದೂ ಮೊದಲು ಮಾವನ ಕೋಣೆಯಲ್ಲಿ ಮರವಾಗಿ ಹುಟ್ಟಿತು. ಕೆಲಸ ಮುಗಿದ ಮೇಲೆ ಅವನ್ನು ಒಡೆದು ಸೌದೆಗೆ ಕೊಡುತ್ತಿದ್ದರು. ನಾನೊಮ್ಮೆ ಅದಕ್ಕೆ ಮರುಗಿದಾಗ, ಅಚ್ಚು ಅಂದ ಮೇಲೆ ಒಡೀಬೇಕು ಕಣೆ, ಇಟ್ಟುಕೊಂಡು ಪೂಜೆ ಮಾಡೋಕಾಗುತ್ತಾ ಎಂದ.

ಕೆಲವು ವರ್ಷಗಳ ನಂತರ ವೈದ್ಯರು ಅತ್ತೆಯ ಕಣ್ಣು ಪರೀಕ್ಷಿಸಿ, ಭಾರಿ ಗಾಡಿ ಓಡಿಸುವುದು ಇನ್ನು ಸಾಕು ಎಂದರು. ಅವಳು ಎರಡು ದಿನ ಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮೂರನೆಯ ದಿನ ಟೋಪಿ ಎಂಜಿನಿಯರ್ ಮನೆಗೇ ಬಂದರು. ಆ ಹೊತ್ತಿಗೆ ಅವರ ಮೀಸೆಯೆಲ್ಲ ಬೆಳ್ಳಗಾಗಿತ್ತು, ಟೋಪಿ ಮಾತ್ರ ಅದೇ. ಮರದ ಲಾರಿಗಳಲ್ಲಿ ಕೂತು ತಪ್ಪು ಹುಡುಕಲು ಒಬ್ಬರು ಬೇಕು, ನಿಮಗಿಂತ ಚೆನ್ನಾಗಿ ತಪ್ಪು ಹುಡುಕುವವರನ್ನು ನಾನು ಕಂಡಿಲ್ಲ ಎಂದರು. ಮಾವ ಒಳಗಿನಿಂದಲೇ, ಅದಕ್ಕೆ ನಾನು ಸಾಕ್ಷಿ ಎಂದು ಕೂಗಿದ.

ಹಾಗೆ ನಿವೃತ್ತಿಯವರೆಗೂ ಇಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರು. ಅವನು ಮಾಡುವುದು, ಅವಳು ಹತ್ತಿ ಕೂತು ಬೇಡ ಎನ್ನುವುದು, ಅವನು ಗೊಣಗುತ್ತ ಗರಗಸ ತೆಗೆದುಕೊಳ್ಳುವುದು. ಕಾರ್ಖಾನೆಗೆ ಹೊಸದಾಗಿ ಸೇರಿದವರು ಆ ಕೋಣೆಯ ಮುಂದೆ ಹಾದುಹೋಗುವಾಗ ಒಳಗಿನ ವಾಗ್ವಾದ ಕೇಳಿ ಗಾಬರಿಯಾಗುತ್ತಿದ್ದರಂತೆ. ಹಳಬರು ಅವರಿಗೆ ಹೇಳುತ್ತಿದ್ದರು, ಹೆದರಬೇಡಿ, ಹೊಸ ಗಾಡಿ ತಯಾರಾಗುತ್ತಿದೆ, ಅಷ್ಟೇ.